ಹೊರಡುವ ದಿನ, ಕಡೆಯ ದಿನ

ಅವರ ತುರುಬಿನಲ್ಲಿ ಯಾವಾಗಲೂ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಗಂಡ ಸತ್ತ ಹೆಂಗಸು ಹೂ ಮುಡಿಯಬಾರದು ಎಂದು ಊರು ಹೇಳಿತ್ತು. ಪೆನ್ಸಿಲ್ ಮುಡಿಯಬಾರದು ಎಂದು ಯಾರೂ ಹೇಳಿರಲಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಅದರ ಬಲಗಡೆ, ಮಲ್ಲಿಗೆ ದಂಡೆ ಇರಬೇಕಾದ ಜಾಗದಲ್ಲಿ, ಚಾಕುವಿನಿಂದ ಕೆತ್ತಿ ಚೂಪು ಮಾಡಿದ ಪೆನ್ಸಿಲ್. ಮಾತಾಡುತ್ತಾ ಮಾತಾಡುತ್ತಾ ಕೈ ಹಿಂದಕ್ಕೆ ಹೋಗಿ ಪೆನ್ಸಿಲ್ ಹೊರಗೆ ಬಂದಿತೆಂದರೆ ಎದುರಿಗಿದ್ದವರು ಹುಷಾರಾಗುತ್ತಿದ್ದರು. ಆಡಿದ ಮಾತು ಇನ್ನು ಗಾಳಿಗೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಗುಂಡ್ಲುಪೇಟೆಯಲ್ಲಿ ಹೆಣ್ಣುಮಕ್ಕಳಿಗೆಂದು ಇದ್ದ ಒಂದು ಸಣ್ಣ ಮಿಡ್ಲ್ ಸ್ಕೂಲಿಗೆ ಅವರು ಹೆಡ್‌ಮೇಡಂ. ಸ್ವಂತ ಊರು ಉಮ್ಮತ್ತೂರು, ಬೇಸಾಯದ ಮನೆ. ನಾನು ಚಾಮರಾಜನಗರ ಪೇಟೆಯವಳು, ಟ್ರೈನಿಂಗ್ ಮುಗಿಸಿ ಮೊದಲ ನೌಕರಿಗೆ ಅಲ್ಲಿಗೆ ಹೋದೆ. ಐವತ್ತರ ದಶಕ ಆಗತಾನೆ ಶುರುವಾಗಿತ್ತು. ಊರಿನಲ್ಲಿ ಅವರಿಗೆ ಗಂಡುಬೀರಿ ಎಂಬ ಹೆಸರಿತ್ತು. ಈಗಲೂ ಆ ಕಾಲದವರು ಯಾರಾದರೂ ಸಿಕ್ಕರೆ, ಓ, ಆ ಗಂಡುಬೀರಿ ಮೇಡಮ್ಮಾ, ಎಂದು ನಗುತ್ತಾರೆ. ನಗಲಿ. ಹಾಗೆ ನಗುವವರ ಮನೆಯ ಹೆಣ್ಣುಮಕ್ಕಳು ಇವತ್ತು ಹೆಬ್ಬೆಟ್ಟು ಒತ್ತದೆ ಸಹಿ ಹಾಕುತ್ತಿದ್ದರೆ ಅದು ಯಾರಿಂದ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಕೆಲಸಕ್ಕೆ ಹಾಜರಾದ ದಿನ ನನ್ನ ಊರು ಕುಲ ಯಾವುದನ್ನೂ ಅವರು ಕೇಳಲಿಲ್ಲ. ಮೇಜಿನ ಮೇಲಿದ್ದ ಪುಸ್ತಕವನ್ನು ಎಳೆದುಕೊಂಡು, ನನ್ನ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಹಬ್ಬ, ತಿಥಿ, ದೇವರ ಕಾರ್ಯಗಳು ಯಾವುವು, ಯಾವುದಕ್ಕೆ ರಜಾ ಬೇಕೇಬೇಕು ಎಂದು ಕೇಳಿದರು. ನಾನು ಹೇಳಿದಂತೆಲ್ಲ ಒಂದೊಂದು ಸಾಲು ಬರೆದುಕೊಂಡರು. ಅಜ್ಜನ ತಿಥಿಗೆ ನಾನೇ ರಜೆ ಕೇಳಲು ಮರೆತ ವರ್ಷವೂ ಹಿಂದಿನ ಸಂಜೆ ಅವರು ನೆನಪಿಸಿ ಬಸ್ಸಿಗೆ ಹತ್ತಿಸಿದರು.

ಆ ಪುಸ್ತಕದ ವಿಷಯ ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ಪುಸ್ತಕ ಎನ್ನುವುದೂ ಹೆಚ್ಚು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಕಿತ್ತು, ಮಡಿಸಿ, ಗೋಣಿದಾರದಲ್ಲಿ ಹೊಲಿದದ್ದು. ಅದರಲ್ಲಿ ಗೆರೆಯಿಲ್ಲ, ಮನೆಗಳಿಲ್ಲ, ಬಣ್ಣವಿಲ್ಲ. ಒಂದು ಕೆಲಸಕ್ಕೆ ಒಂದು ಸಾಲು, ಮೊದಲು ತಾರೀಕು, ಆಮೇಲೆ ಕೆಲಸ. ಮುಗಿದರೆ ಅಳಿಸುವುದಿಲ್ಲ, ಮೇಲೊಂದು ಗೀಟು. ತಿರುಗಿ ಬರುವ ಕೆಲಸವಾದರೆ ಮುಂದಿನ ಸಲದ ಸಾಲನ್ನು ಬರೆದ ಮೇಲೆಯೇ ಈ ಸಲದ್ದಕ್ಕೆ ಗೀಟು. ಇದನ್ನು ನಾನು ಮೀರಿದಾಗ ಅವರು ಬೈದಷ್ಟು ನಮ್ಮಮ್ಮನೂ ನನ್ನನ್ನು ಬೈದಿಲ್ಲ.

ತಿರುಗಿ ಬರುವ ಕೆಲಸಗಳಲ್ಲಿ ಎರಡು ಜಾತಿ ಎನ್ನುತ್ತಿದ್ದರು. ಒಂದು, ನೀನು ಮಾಡು ಬಿಡು, ತಾನಾಗಿ ಬರುವುದು. ಸಂಬಳದ ಬಿಲ್ಲು ಹಾಗೆ. ಹೋದ ತಿಂಗಳು ತಡವಾಯಿತೆಂದು ಈ ತಿಂಗಳು ಅದು ಕಾಯುವುದಿಲ್ಲ. ಇನ್ನೊಂದು, ನೀನು ಮಾಡಿದ ದಿನದಿಂದ ಲೆಕ್ಕ ಶುರುವಾಗುವುದು. ಕಪ್ಪು ಹಲಗೆಗೆ ಇದ್ದಿಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಬಳಿಯುವುದು ಹಾಗೆ. ತಡವಾಗಿ ಬಳಿದರೆ ಮುಂದಿನ ಸಲವೂ ಅಷ್ಟೇ ಮುಂದಕ್ಕೆ. ಮೊದಲನೆಯದರ ಹತ್ತಿರ ಚೌಕಾಸಿ ನಡೆಯುವುದಿಲ್ಲ, ಎರಡನೆಯದರ ಹತ್ತಿರ ನಡೆಯುತ್ತದೆ, ಯಾವುದು ಯಾವುದೆಂದು ಗೊತ್ತಿಲ್ಲದವರು ಎರಡು ಕಡೆಯೂ ಕೆಡುತ್ತಾರೆ ಎಂಬುದು ಅವರ ಪಾಠ. ನಾನು ಆಗ ಇದನ್ನು ಹಲಗೆ ಬಳಿಯುವ ಮಾತು ಎಂದಷ್ಟೇ ತಿಳಿದುಕೊಂಡಿದ್ದೆ.

ಗಡುವು ಇರುವ ಕೆಲಸಕ್ಕೆ ಮಾತ್ರ ಎರಡು ಸಾಲು. ಒಂದರಲ್ಲಿ ಕಡೆಯ ದಿನ, ಅದಕ್ಕಿಂತ ಎಷ್ಟೋ ಹಾಳೆ ಹಿಂದೆ ಹೊರಡುವ ದಿನ. ನಾನೊಮ್ಮೆ ಗಡುವು ಒಂದನ್ನೇ ಬರೆದಿಟ್ಟಿದ್ದನ್ನು ನೋಡಿ ಅವರು ಪೆನ್ಸಿಲ್ ನನ್ನ ಕೈಗೇ ಕೊಟ್ಟರು.

"ಕಡೇ ದಿನ ಬರ್ಕೊಂಡೋಳು ಕಡೇ ದಿನವೇ ಎದ್ದು ಓಡ್ತಳ. ಒರಡೋ ದಿನ ಬರ್ಕೊ ಕಣಮ್ಮಿ."

ಇನ್ಸ್‌ಪೆಕ್ಟರರು ಒಮ್ಮೆ ತಪಾಸಣೆಗೆ ಬಂದವರು ಈ ಗೋಣಿದಾರದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ರಿಜಿಸ್ಟರೋ ಅಥವಾ ಅಡುಗೆಮನೆಯ ಚೀಟಿಯೋ ಎಂದು ಕೇಳಿ ನಕ್ಕರು. ಮುಂದಿನ ತಿಂಗಳು ದಪ್ಪ ರಟ್ಟಿನ, ಉದ್ದಕ್ಕೂ ಅಡ್ಡಕ್ಕೂ ಕೆಂಪು ಗೆರೆ ಹೊಡೆದ ರಿಜಿಸ್ಟರನ್ನು ಕಳಿಸಿಕೊಟ್ಟರು. ಹೆಡ್‌ಮೇಡಂ ಅದನ್ನು ಸ್ಟಾಕಿಗೆ ತೆಗೆದುಕೊಂಡು, ರಸೀದಿ ಬರೆದು, ನೀರಿನ ಗುಡಾಣದ ಮೇಲೆ ಧೂಳು ಬೀಳದಂತೆ ಮುಚ್ಚಿದರು. ನಾನು ಅಲ್ಲಿ ಇದ್ದಷ್ಟು ವರ್ಷವೂ ಅದು ಗುಡಾಣದ ಮುಚ್ಚಳವಾಗಿಯೇ ಸರ್ಕಾರದ ಸೇವೆ ಮಾಡಿತು.

ನಾನು ಹೇಳಬೇಕಾದದ್ದು ಎಂಟನೇ ಕ್ಲಾಸಿನ ಕಥೆ. ಎಂಟರ ಕೊನೆಗೆ ಲೋಯರ್ ಸೆಕೆಂಡರಿ ಪರೀಕ್ಷೆ, ಎಲ್ಲರ ಬಾಯಲ್ಲಿ ಎಲ್.ಎಸ್. ಅದು ಪಾಸಾದರೆ ಹೈಸ್ಕೂಲು, ಇಲ್ಲವೇ ಟ್ರೈನಿಂಗು, ಒಟ್ಟಿನಲ್ಲಿ ಹುಡುಗಿಗೆ ಒಂದು ದಾರಿ. ನಮ್ಮ ಶಾಲೆಯಲ್ಲಿ ಎಂಟನೇ ಕ್ಲಾಸೇನೋ ಇತ್ತು, ಪರೀಕ್ಷೆಗೆ ಕೂರುವವರೇ ಇರಲಿಲ್ಲ. ಕಾರಣ ಯಾರಿಗೂ ಹೊಳೆದಿರಲಿಲ್ಲ. ಅರ್ಜಿಗೆ ತಂದೆ ಸಹಿ ಹಾಕಬೇಕು, ಅರ್ಜಿಯ ಕಡೆಯ ದಿನ ಬೀಳುತ್ತಿದ್ದದ್ದು ಧನುರ್ಮಾಸದಲ್ಲಿ. ಆ ತಿಂಗಳು ಯಾರೂ ಹೊಸದಾಗಿ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಂಕ್ರಾಂತಿ ಆಗ್ಲಿ ಬುಡಿ ಮೇಡಮ್ಮ, ಎಂದು ತಂದೆಯರು ಹೇಳುತ್ತಿದ್ದರು, ಹಿಂದಿನ ಹೆಡ್‌ಮೇಡಂಗಳು ಸಂಕ್ರಾಂತಿಯವರೆಗೆ ಕಾಯುತ್ತಿದ್ದರು, ಎಳ್ಳು ಬೆಲ್ಲ ತಿನ್ನುವ ಹೊತ್ತಿಗೆ ಗಡುವು ಮುಗಿದಿರುತ್ತಿತ್ತು. ವರ್ಷ ವರ್ಷವೂ ಹೀಗೇ ಆಗಿ, ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಕಾಗದಪತ್ರಗಳಲ್ಲಿ ದಾಖಲಾಗಿತ್ತು. ಆಸಕ್ತಿಯಿಲ್ಲವಂತೆ! ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಾಲೆಯ ಕಮಿಟಿಗೆ ಅಧ್ಯಕ್ಷರಾಗಿದ್ದವರು ಅಕ್ಕಿ ಗಿರಣಿಯ ಯಜಮಾನರು. ಎಂಟನೇ ಕ್ಲಾಸು ಮುಚ್ಚಿ ಆ ಕೋಣೆಯನ್ನು ಬೇರೆಯದಕ್ಕೆ ಬಳಸಬೇಕೆಂದು ಅವರು ಮೇಲಕ್ಕೆ ಬರೆದಿದ್ದರು. ಮೇಲಿನಿಂದ ಉತ್ತರವೂ ಬಂದಿತ್ತು. ಕ್ಲಾಸಿನಲ್ಲಿರುವ ಹುಡುಗಿಯರಷ್ಟೂ ಈ ಸಲ ಪರೀಕ್ಷೆಗೆ ಹಾಜರಾದರೆ ಕ್ಲಾಸು ಉಳಿಯುತ್ತದೆ, ಒಬ್ಬಳು ತಪ್ಪಿದರೂ ಮುಚ್ಚಿಬಿಡುವುದು. ಹೆಡ್‌ಮೇಡಂ ಆ ಕಾಗದವನ್ನು ಓದಿ ಪೆನ್ಸಿಲ್ ತೆಗೆದರು. ಕಡೆಯ ದಿನವನ್ನು ಧನುರ್ಮಾಸದ ತಾರೀಕಿಗೆ ಬರೆದರು. ಹೊರಡುವ ದಿನವನ್ನು ದೀಪಾವಳಿಯ ಮಾರನೆಯ ದಿನಕ್ಕೆ ಬರೆದರು.

ದೀಪಾವಳಿಯ ಪಟಾಕಿ ಕಾಗದ ಬೀದಿಯಲ್ಲಿ ಬಿದ್ದಿರುವಾಗಲೇ ನಾವಿಬ್ಬರೂ ಮನೆಮನೆ ಹತ್ತಿಳಿದೆವು. ನಮ್ಮ ಕಾಡಂಚಿನ ಮದ್ದೂರಿನ ಕಡೆ ಮರದ ಕಂತ್ರಾಟಿನಲ್ಲಿದ್ದ ಒಬ್ಬ ತಂದೆ ಸಂತೆಯ ದಿನ ಮಾತ್ರ ಊರಿಗೆ ಬರುತ್ತಿದ್ದ. ಹೆಡ್‌ಮೇಡಂ ಅವನನ್ನು ಸಂತೆಯಲ್ಲೇ ಹಿಡಿದರು. ರಾಗಿ ಒಕ್ಕಣೆ ಆಗುವವರೆಗೆ ಬೇಡ ಎಂದವನ ಕಣಕ್ಕೇ ಹೋಗಿ ನಿಂತರು. ಧನುರ್ಮಾಸ ಹುಟ್ಟುವ ಮೊದಲೇ ಅಷ್ಟೂ ಅರ್ಜಿಗಳಿಗೆ ಸಹಿಯೋ ಹೆಬ್ಬೆಟ್ಟೋ ಬಿದ್ದಾಗಿತ್ತು. ಗಿರಣಿ ಯಜಮಾನರು ಇದನ್ನು ಕೇಳಿ, ನಿಮಗ್ಯಾಕಮ್ಮ ಈ ತಾಪತ್ರಯ, ಎಂದು ತುಂಬ ಮೃದುವಾಗಿ ಅಂದರಂತೆ.

ಪರೀಕ್ಷೆಯ ಕೇಂದ್ರ ಚಾಮರಾಜನಗರ. ಹೊರಡಲು ಎರಡೇ ದಿನ ಇರುವಾಗ ಮಾದೇವಿ ಶಾಲೆಗೆ ಬರಲಿಲ್ಲ. ವೀಳ್ಯದೆಲೆ ವ್ಯಾಪಾರದವರ ಮನೆಯ ಹುಡುಗಿ, ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ಹುಡುಗಿ ದೊಡ್ಡವಳಾಗಿದ್ದಾಳೆ. ನಮ್ಮ ಕಡೆ ಆಗ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪು ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಕೂರಬೇಕು, ಯಾರೂ ಮುಟ್ಟುವಂತಿಲ್ಲ. ಇಷ್ಟು ದಿನ ಎಂದು ಕಳೆದ ಮೇಲೆ ಗುಡ್ಲು ಸುಟ್ಟು, ನೀರು ಹಾಕಿ, ಒಸಗೆ ಮಾಡಿ ಒಳಕ್ಕೆ ಕರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.

ಹೆಡ್‌ಮೇಡಂ ಚಪ್ಪಲಿ ಮೆಟ್ಟಿ ಹೊರಟರು, ನಾನು ಹಿಂದೆ ಓಡಿದೆ. ಮಾದೇವಿ ಹಟ್ಟಿಯ ಒಳಂಗಳದ ಮೂಲೆಯಲ್ಲಿ ಚಾಪೆಯ ಮೇಲೆ ಮಂಡಿಗೆ ಮುಖ ಕೊಟ್ಟು ಕೂತಿದ್ದಳು. ಮುಂದೆ ಕೊಬ್ಬರಿ ಬೆಲ್ಲದ ತಟ್ಟೆ ಹಾಗೇ ಇತ್ತು. ತಂದೆ ಕಂಬಕ್ಕೆ ಒರಗಿ ನಿಂತು, ಮುಂದಿನ ವರ್ಷ ಬರೆದರಾಯಿತು ಎಂದ. ಮುಂದಿನ ವರ್ಷ ಕ್ಲಾಸೇ ಇರುವುದಿಲ್ಲ ಎಂದು ಹೆಡ್‌ಮೇಡಂ ಅವನಿಗೆ ಹೇಳಿದರು. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅವನ ತಾಯಿಯದು. ಮುಟ್ಟಾದ ಹೆಣ್ಣನ್ನು ಊರಾಚೆ ಕಳಿಸುವುದುಂಟೆ, ಹತ್ತು ಜನ ಮುಟ್ಟುವ ಜಾಗಕ್ಕೆ, ಎಂದು ಮುದುಕಿ ಶುರುಮಾಡಿತು. ಹೆಡ್‌ಮೇಡಂ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಅಲ್ಲಿ ಬೆಂಚಿಗೊಂದು ಮಗ ಕೂರುಸ್ತಾರ ಕಣವ್ವ. ಒಬ್ರನ್ನೊಬ್ರು ಮುಟ್ಟಂಗಿಲ್ಲ, ಮಾತಾಡ್ಸಂಗಿಲ್ಲ. ಮುಟ್ಟುದ್ರೆ ಎಬ್ಬುಸಿ ಆಚ್ಗೆ ಅಟ್ಬುಡ್ತಾರ. ನಿಮ್ ಗುಡ್ಲಿಗಿಂತ ಮಡಿ ಅದು."

ಮುದುಕಿಗೆ ನಗು ಬಂತು, ಆದರೆ ಸೋಲಲಿಲ್ಲ. ಸಂಜೆಗೆ ಮಾವ ಸೊಪ್ಪು ತರುತ್ತಾನೆ, ಗುಡ್ಲು ಹಾಕಿದ ಮೇಲೆ ಹೆಣ್ಣು ಅದರಿಂದ ಆಚೆ ಬರುವಂತಿಲ್ಲ ಎಂದಿತು. ಹೆಡ್‌ಮೇಡಂ ಆಗ ಬಹಳ ಸಾವಧಾನವಾಗಿ ಒಂದು ಪ್ರಶ್ನೆ ಕೇಳಿದರು. ದಿನದ ಲೆಕ್ಕ ಹುಡುಗಿ ನೆರೆದ ದಿನದಿಂದಲೋ, ಗುಡ್ಲು ಹಾಕಿದ ದಿನದಿಂದಲೋ? ಮಾವ ಸೊಪ್ಪು ನೆಟ್ಟ ದಿನದಿಂದ, ಎಂದು ಮುದುಕಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಹೇಳಿತು. ಹೆಡ್‌ಮೇಡಂ ಎದ್ದು ನನ್ನ ಮುಖ ನೋಡಿದರು. ಹಲಗೆ ಬಳಿಯುವ ಪಾಠ ನನಗೆ ಆಗ ತಲೆಗೆ ಹೋಯಿತು. ಪರೀಕ್ಷೆ ತಾನಾಗಿ ಬರುವ ಜಾತಿ. ಒಸಗೆ ನಾವು ಶುರುಮಾಡಿದರೆ ಶುರುವಾಗುವ ಜಾತಿ.

ಮದ್ದೂರಿನ ಕಡೆಯಿಂದ ಬರುವ ರಸ್ತೆಯಲ್ಲಿ, ಊರಿನ ಹೊರಗೆ, ನಾವು ಮಾವನ ಗಾಡಿಯನ್ನು ಹಿಡಿದೆವು. ಗಾಡಿ ತುಂಬ ಹೊಂಗೆ ಸೊಪ್ಪು, ಹೊಸ ಪಂಚೆ ಉಟ್ಟಿದ್ದ. ಇಪ್ಪತ್ತು ದಾಟಿದ ಹುಡುಗ. ಮಾದೇವಿಯನ್ನು ಅವನಿಗೇ ಕೊಡುವುದೆಂದು ಎರಡೂ ಮನೆಯಲ್ಲಿ ಮೊದಲಿನಿಂದ ಮಾತಾಗಿತ್ತು. ಹೆಡ್‌ಮೇಡಂ ಎತ್ತುಗಳ ಮುಂದೆ ಹೋಗಿ ನಿಂತರು. ನೀನು ಸೊಪ್ಪು ನೆಡದಿದ್ದರೆ ಲೆಕ್ಕ ಶುರುವಾಗುವುದಿಲ್ಲ, ಪರೀಕ್ಷೆ ಮುಗಿಸಿ ಬಂದ ಸಂಜೆ ನೆಡು, ಈ ಸೊಪ್ಪು ಒಣಗಿದರೆ ಕಾಡಿನಲ್ಲಿ ಬೇರೆಯದಿದೆ ಎಂದು ವಿವರಿಸಿದರು. ಅವನು ಇಳಿದು ಎತ್ತಿನ ಮೂಗುದಾರ ನೇವರಿಸಿದ. ಕೊನೆಗೆ ಕೇಳಿದ್ದು ಬೇರೆಯೇ.

"ಅವ್ಳು ಪಾಸಾಗ್ಬುಟ್ರೆ ನನ್ನ ಒಪ್ತಳಾ ಮೇಡಮ್ಮ?"

ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಕೆಲಸವಾಗುತ್ತಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಒಪ್ಪುದ್ರೆ ಒಪ್ಪುದೆ ಅಂತಳ. ಇಲ್ಲ ಅಂದ್ರೆ ಇಲ್ಲ ಅಂತ ಬಾಯ್ಬುಟ್ಟು ಏಳ್ತಳ. ಅಷ್ಟ ಕಲ್ಸಿವ್ನಿ ಕಣಪ್ಪ."

ಅವನು ಗಾಡಿಯ ಹಿಂದಕ್ಕೆ ಹೋದ. ಸೊಪ್ಪನ್ನು ಹೊರೆಹೊರೆಯಾಗಿ ಎಳೆದು ರಸ್ತೆಯ ಬದಿಗೆ ಹಾಕಿದ. ನಮ್ಮನ್ನು ಗಾಡಿಗೆ ಹತ್ತಿಸಿಕೊಂಡು ಮನೆಗೆ ಬಂದು, ಗುಡ್ಲು ಈಗ ಹಾಕುವುದಿಲ್ಲ, ಹಾಕಬೇಕಾದವನು ನಾನು, ಎಂದು ಅಕ್ಕನ ಅತ್ತೆಗೆ ಹೇಳಿದ. ಬಸ್ಸಿನಲ್ಲಿ ಹೋದರೆ ತಾನೆ ಮುಟ್ಟುವುದು, ನನ್ನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದವನೂ ಅವನೇ. ಉಳಿದ ಹುಡುಗಿಯರು ನನ್ನ ಜೊತೆ ಬಸ್ಸಿನಲ್ಲಿ ಬಂದರು. ಮಾದೇವಿ ಹೆಡ್‌ಮೇಡಂ ಜೊತೆ ಬೆಳಗಿನ ಜಾವವೇ ಹೊರಟು, ತೆರಕಣಾಂಬಿಯ ಮೇಲಿನಿಂದ ದಿನವಿಡೀ ಗಾಡಿಯಲ್ಲಿ ಕುಲುಕಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳು ಗಣಿತದ ಸೂತ್ರಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳಂತೆ. ಮಾವ ಎತ್ತು ಹೊಡೆಯುವುದನ್ನು ಮರೆತು ಕೇಳುತ್ತಿದ್ದನಂತೆ.

ಎಲ್ಲರೂ ಹಾಜರಾದರು. ಎಂಟನೇ ಕ್ಲಾಸು ಉಳಿಯಿತು. ಮಾದೇವಿ ಪಾಸಾದಳು. ಒಸಗೆಯೂ ಆಯಿತು, ತಡವಾಗಿ, ಹೊಸ ಸೊಪ್ಪಿನ ಗುಡ್ಲಿನಲ್ಲಿ. ಬೇಸಿಗೆಯಲ್ಲಿ ಮದುವೆಯ ಮಾತು ಎತ್ತಿದಾಗ ಮಾದೇವಿ ಇಲ್ಲ ಎಂದು ಬಾಯಿಬಿಟ್ಟು ಹೇಳಿದಳು.

ಊರು ಕೆರಳಿದ್ದು ಆಗ. ಗಿರಣಿ ಯಜಮಾನರು ಬರೆಸಿದ ಅರ್ಜಿಗೆ ಸಹಿ ಹಾಕಲು ಸಾಲು ನಿಂತರು. ಈ ಹೆಂಗಸು ಹೆಣ್ಣುಮಕ್ಕಳನ್ನು ಕೆಡಿಸುತ್ತಾಳೆ, ಮುಟ್ಟು ಮೈಲಿಗೆ ನೋಡುವುದಿಲ್ಲ, ಸಂಪ್ರದಾಯ ಹಾಳುಮಾಡುತ್ತಾಳೆ ಎಂದು ಅದರಲ್ಲಿತ್ತು. ಮಗಳ ಅರ್ಜಿಗೆ ಸಂಕ್ರಾಂತಿಯವರೆಗೆ ಸಹಿ ಹಾಕಲು ಆಗುವುದಿಲ್ಲ ಎಂದಿದ್ದ ಅದೇ ಕೈಗಳು ಇದಕ್ಕೆ ಅಮಾವಾಸ್ಯೆಯ ದಿನವೇ ಸಹಿ ಹಾಕಿದವು. ಹಾಕದಿದ್ದವನು ಆ ಸೋದರಮಾವ ಒಬ್ಬ. ಶಾಲೆ ಶುರುವಾಗುವ ಹೊತ್ತಿಗೆ ಹೆಡ್‌ಮೇಡಂಗೆ ಮೈಸೂರಿನಾಚೆಯ ಯಾವುದೋ ಕುಗ್ರಾಮಕ್ಕೆ ವರ್ಗದ ಆರ್ಡರು ಬಂತು.

ನಾನು ಅತ್ತೆ. ಅವರು ಅಳಲಿಲ್ಲ, ಮೇಲಿನವರ ಕಾಲು ಹಿಡಿಯಲು ಮೈಸೂರಿಗೂ ಹೋಗಲಿಲ್ಲ. ಹೊರಡುವ ಹಿಂದಿನ ದಿನದ ಮಧ್ಯಾಹ್ನ ನನ್ನನ್ನು ಎದುರಿಗೆ ಕೂರಿಸಿಕೊಂಡು, ಬರುವ ವರ್ಷದ ಸಾಲುಗಳನ್ನು ನನ್ನ ಕೈಯಲ್ಲೇ ಬರೆಸಿದರು. ದೀಪಾವಳಿಯ ಮಾರನೆಯ ದಿನ ಯಾವ ಮನೆಗೆ ಮೊದಲು, ಯಾವ ತಂದೆಗೆ ಯಾವ ನೆಪ, ಯಾವ ಹುಡುಗಿಯ ಮಾವ ಎಲ್ಲಿದ್ದಾನೆ, ಎಲ್ಲವೂ. ನನ್ನಿಂದಾಗುವುದಿಲ್ಲ, ನನ್ನ ಮಾತು ಯಾರು ಕೇಳುತ್ತಾರೆ, ನಿಮ್ಮನ್ನೇ ಓಡಿಸಿದರಲ್ಲ ಎಂದೆ.

"ನನ್ನ ವರ್ಗ ಮಾಡ್ಬೋದು. ತಾರೀಕ ವರ್ಗ ಮಾಡಕಾಯ್ತದಾ? ನೀ ಬರಿ."

ಬರೆದೆ. ದೀಪಾವಳಿಯ ಮಾರನೆಯ ದಿನ ಒಬ್ಬಳೇ ಹೊರಟೆ. ಮೊದಲನೇ ಮನೆಯ ಯಜಮಾನ ನನ್ನನ್ನು ನೋಡಿ, ಆ ಮೇಡಮ್ಮ ಹೋದರಲ್ಲ, ಇನ್ನೂ ಇದು ಮುಗಿಯಲಿಲ್ಲವೇ ಎಂದ. ಇದು ಪ್ರತಿ ವರ್ಷ ಬರುತ್ತದೆ, ನೀವು ಸಹಿ ಹಾಕುವವರೆಗೆ ನಾನು ನಿಮ್ಮ ಜಗಲಿಯಲ್ಲೇ ಕೂರುತ್ತೇನೆ ಎಂದು ಕೂತುಬಿಟ್ಟೆ. ಅಷ್ಟು ಧೈರ್ಯ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಸಹಿಯಾಯಿತು. ಆ ವರ್ಷವೂ ಎಲ್ಲರೂ ಕೂತರು, ಅದರ ಮುಂದಿನ ವರ್ಷವೂ ಕೂತರು.

ಅವರು ಆ ದೂರದ ಊರಿನಲ್ಲಿ ಹೆಚ್ಚು ಕಾಲ ಇರಲಿಲ್ಲ. ಕಾಯಿಲೆ ಬಿದ್ದು ಕೆಲಸ ಬಿಟ್ಟು ಉಮ್ಮತ್ತೂರಿಗೆ ಬಂದು ತಮ್ಮನ ಮನೆಯಲ್ಲಿದ್ದರು. ದಸರೆ ರಜೆಯಲ್ಲಿ ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು. ಈ ಸಲ ಎಷ್ಟು ಜನ ಎಂದು ಮಾತ್ರ ಕೇಳಿದರು. ಹೇಳಿದೆ. ನನ್ನ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

ಮುಂದಿನ ಪರೀಕ್ಷೆಗೆ ಹುಡುಗಿಯರನ್ನು ಕರೆದುಕೊಂಡು, ಸ್ವಂತ ಊರಾದರೂ ಮನೆಗೆ ಹೋಗದೆ, ಚಾಮರಾಜನಗರದ ಛತ್ರದಲ್ಲಿ ಅವರ ಜೊತೆಗೇ ಇಳಿದುಕೊಂಡಿದ್ದೆ. ಮೊದಲನೇ ದಿನ ಬೆಳಿಗ್ಗೆ, ಹುಡುಗಿಯರಿಗೆ ತಲೆ ಬಾಚುತ್ತಿದ್ದಾಗ, ಅವರ ತಮ್ಮನ ಮಗ ಸೈಕಲ್ಲಿನಲ್ಲಿ ಬಂದ. ಹೆಡ್‌ಮೇಡಂ ಬೆಳಗಿನ ಜಾವ ತೀರಿಕೊಂಡಿದ್ದರು. ಮಧ್ಯಾಹ್ನಕ್ಕೆ ಮಣ್ಣು ಮಾಡುತ್ತಾರೆ, ಬೇಗ ಬನ್ನಿ, ಎಂದ. ಛತ್ರದ ಎದುರಿಗೇ ಉಮ್ಮತ್ತೂರಿನ ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಅವರಲ್ಲಿ ಒಬ್ಬಳಿಗೆ ಹಿಂದಿನ ದಿನದಿಂದ ಜ್ವರ. ಇನ್ನೊಬ್ಬಳ ತಂದೆ ಅಲ್ಲಿಯವರೆಗೂ ಬಂದು, ಮಗಳನ್ನು ವಾಪಸ್ಸು ಕರೆದುಕೊಂಡು ಹೋಗುತ್ತೇನೆಂದು ಬಾಗಿಲಲ್ಲಿ ಬೀಡಿ ಸೇದುತ್ತಾ ಕೂತಿದ್ದ. ನನ್ನ ಜೊತೆಗೆ ಬೇರೆ ಟೀಚರಿರಲಿಲ್ಲ.

ನಾನು ಹೋಗಲಿಲ್ಲ. ಕೊನೆಗೊಂದು ಸಲ ಮುಖ ನೋಡಲೂ ಬರಲಿಲ್ಲ ಎಂದು ಅವರ ಮನೆಯವರು ಬಹಳ ದಿನ ನನ್ನ ಹತ್ತಿರ ಮಾತು ಬಿಟ್ಟರು. ಅನ್ನ ಹಾಕಿದ ಕೈಯನ್ನು ಮರೆತಳು, ಎಂಥ ಕಲ್ಲೆದೆ, ಎಂದು ಊರಿನಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ನನಗೆ ಅವತ್ತೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ದುಃಖ ಇದೆ, ಅದು ಬೇರೆ, ಅದು ಯಾವತ್ತಿಗೂ ಮುಗಿಯುವುದಿಲ್ಲ.

ಬಾಗಿಲಲ್ಲಿ ಕೂತಿದ್ದ ತಂದೆಯನ್ನು ಪಕ್ಕಕ್ಕೆ ಸರಿಸಿ ಹುಡುಗಿಯರನ್ನು ನಡೆಸಿಕೊಂಡು ಹೋದೆ. ಒಬ್ಬೊಬ್ಬಳನ್ನೂ ಪರೀಕ್ಷೆಯ ಕೋಣೆಯೊಳಗೆ ಕೂರಿಸಿ ಬಂದು, ಎದುರಿನ ಬೇವಿನ ಮರದ ಕೆಳಗೆ ಸೆರಗು ಮುಖಕ್ಕೆ ಹಾಕಿಕೊಂಡು, ಅಲ್ಲಿ ಉಮ್ಮತ್ತೂರಿನಲ್ಲಿ ಮಣ್ಣು ಹಾಕುವ ಹೊತ್ತೆಲ್ಲ ಅತ್ತೆ. ಜವಾನ ನೀರು ತಂದುಕೊಟ್ಟು, ಒಳಗೆ ಯಾರಮ್ಮ ನಿಮ್ಮ ಮಗಳು, ಎಂದು ಕೇಳಿದ. ಎಲ್ಲರೂ ಎಂದೆ. ಗಂಟೆ ಹೊಡೆಯಿತು. ಎದ್ದು ಮುಖ ತೊಳೆದುಕೊಂಡು ಬಾಗಿಲಿಗೆ ಹೋಗಿ ನಿಂತು, ಹೊರಗೆ ಬಂದವರನ್ನು ಒಬ್ಬೊಬ್ಬಳಾಗಿ ಎಣಿಸಿದೆ. ಯಾರೂ ತಪ್ಪಿರಲಿಲ್ಲ.